ರುಸ್ತಾಕಿನ ಗುಲಾಮ, ಅಲ್ ಹೈಲಿನ ರಾಣಿ

ನಾಟಕ ಆಡಲು ಹೊರಟಾಗಲೆಲ್ಲ ರಂಗದ ಮೇಲೆ ನಡೆಯಬೇಕಾದ್ದು ರಂಗದ ಹೊರಗೇ ನಡೆದುಬಿಡುವುದು ಮಸ್ಕತ್ತಿನ ನಮ್ಮ ಕನ್ನಡ ಬಳಗಕ್ಕೆ ಅಂಟಿಕೊಂಡ ಗುಣ. ಒಂದು ವರ್ಷ ಪತ್ತೇದಾರಿ ನಾಟಕದ ಕೊಲೆಗಾರನಿಗೆ ಅದೇ ದಿನ ಡ್ಯೂಟಿ ಬಿದ್ದು, ಕೊಲೆಯಾಗಬೇಕಾದವನೇ ಎರಡೂ ಪಾತ್ರ ವಹಿಸಿಕೊಂಡು ತನ್ನನ್ನು ತಾನೇ ಬೆನ್ನಟ್ಟಿದ್ದ. ಆದರೆ ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾವು ಆಡಹೊರಟ ಗುಲಾಮ ಅರಸನ ನಾಟಕದ ಮುಂದೆ ಅದು ಏನೂ ಅಲ್ಲ.

ಅರಸ ಎಷ್ಟು ಹೊತ್ತಿಗೆ ಸಾಯ್ತಾನೆ

ನಾನು ಆಗ ಮಸ್ಕತ್ತಿನ ರೂವಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಮ್ಮೆಜಮಾನರು ಕಟ್ಟಡಗಳ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್. ಮನೆ ಊರಂಚಿನ ಅಲ್ ಹೈಲಿನಲ್ಲಿ. ಇವರಿಗೆ ನಾಟಕದ ಹುಚ್ಚು. ಕಾಲೇಜಿನಲ್ಲಿ ಓದಿದ್ದ ಒಂದು ಹಳೇ ಇಂಗ್ಲಿಷ್ ನಾಟಕ ತಲೆಯಲ್ಲಿ ಹೊಕ್ಕಿತ್ತು. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ರಾಜ ದೇಶ ಬಿಟ್ಟು ಹೋಗಿ, ತಿರುಗಿ ಬಂದು, ಮುಚ್ಚಿದ್ದ ನಾಟಕಶಾಲೆಗಳ ಬಾಗಿಲು ತೆಗೆಸಿದನಂತೆ. ಆ ಕಾಲದ್ದು. ಅರ್ಧ ನಗಿಸುತ್ತದೆ, ಅರ್ಧ ಅಳಿಸುತ್ತದೆ. ಇವರು ಅದನ್ನು ನಮ್ಮ ಕರಾವಳಿಗೆ ಎಳೆದು ತಂದರು. ನಮ್ಮ ಕಡೆಯ ಒಬ್ಬ ಅರಸುಮಗನನ್ನು ಹಡಗಿನವರು ಮೋಸದಿಂದ ಹಿಡಿದು ಒಂದು ದ್ವೀಪದಲ್ಲಿ ಗುಲಾಮನಾಗಿ ಮಾರುತ್ತಾರೆ. ಸತ್ತೇಹೋದಳೆಂದುಕೊಂಡಿದ್ದ ಅವನ ಹೆಂಡತಿ ಅದೇ ದ್ವೀಪದಲ್ಲಿ ಗುಲಾಮಳಾಗಿ ಸಿಗುತ್ತಾಳೆ. ಮುಂದೆ ಕಷ್ಟದ ಮೇಲೆ ಕಷ್ಟ.

ಬಳಗದ ಅಧ್ಯಕ್ಷರು ಮತ್ರಾ ಪೇಟೆಯ ಪಾತ್ರೆ ವ್ಯಾಪಾರಿ. ಅವರ ಅಜ್ಜನ ಕಾಲದಿಂದಲೂ ಅಲ್ಲೇ ಅಂಗಡಿ. ಕಥೆ ಕೇಳಿ ಅವರ ಮುಖ ಸಣ್ಣದಾಯಿತು.

"ಗುಲಾಮನ ಕಥೆಯಾ ಮಾರಾಯ್ರೆ? ನೋಡ್ಲಿಕ್ಕೆ ಬರುವವರೆಲ್ಲ ವೀಸಾದ ಮೇಲೆ ಇರುವವರು. ಬೇರೆ ಏನೂ ಸಿಗ್ಲಿಲ್ವಾ?"

"ಹಾಸ್ಯವೂ ಉಂಟು ಅಣ್ಣ," ಅಂದರು ಇವರು. "ಗಂಡನನ್ನು ಹುಡುಕಿಕೊಂಡು ದ್ವೀಪಕ್ಕೆ ಬರುವ ಒಬ್ಬ ವಿಧವೆ ಇದ್ದಾಳೆ."

"ಹೆಂಗಸು ಗಂಡನನ್ನು ಹುಡುಕಿಕೊಂಡು ಪರದೇಶಕ್ಕೆ ಬರುವುದಾ? ಇಲ್ಲಿ ಇದ್ದ ಗಂಡಂದಿರಿಗೇ ಫ್ಯಾಮಿಲಿ ವೀಸಾ ಸಿಗುವುದಿಲ್ಲ."

"ಆಗ ವೀಸಾ ಇರಲಿಲ್ಲ ಅಣ್ಣ."

ಅಧ್ಯಕ್ಷರು ಸ್ವಲ್ಪ ಸಮಾಧಾನಗೊಂಡರು. "ಸರಿ. ನಿಮ್ಮ ಅರಸ ಎಷ್ಟು ಹೊತ್ತಿಗೆ ಸಾಯ್ತಾನೆ?"

"ಒಂಬತ್ತಕ್ಕೆ."

"ಎಂಟೂವರೆಗೆ ಸಾಯಿಸಿ. ಬಿರಿಯಾನಿ ತಣಿಯುತ್ತದೆ."

ಗುಲಾಮ ಬೇಕಾಗಿದ್ದಾನೆ

ಪಾತ್ರ ಹಂಚುವ ದಿನ ಬಂದವರೆಲ್ಲರಿಗೂ ಗುಲಾಮರನ್ನು ಕೊಳ್ಳುವ ವ್ಯಾಪಾರಿಯ ಪಾತ್ರವೇ ಬೇಕು. ಕೈಯಲ್ಲಿ ಚಾಟಿ, ಬಾಯಲ್ಲಿ ಗದರಿಕೆ. ಗುಲಾಮನಾಗಲು ಒಬ್ಬನೂ ಇಲ್ಲ. "ವಾರವಿಡೀ ಆಫೀಸಿನಲ್ಲಿ ಅದನ್ನೇ ಮಾಡುವುದು, ರಜೆಯ ಶುಕ್ರವಾರವೂ ಯಾಕೆ?" ಎಂದು ಒಬ್ಬರು ಎದ್ದೇ ಹೋದರು.

ವ್ಯಾಪಾರಿಯ ಪಾತ್ರ ಕೊನೆಗೆ ಒಬ್ಬ ಇನ್ಶೂರೆನ್ಸ್ ಆಫೀಸಿನವರಿಗೆ ಹೋಯಿತು. ಮನುಷ್ಯ ಬೆಣ್ಣೆಯಷ್ಟು ಮೆದು, ಆದರೆ ಮೀಸೆ ನೋಡಿದರೆ ಯಾರಿಗಾದರೂ ಹೆದರಿಕೆಯಾಗಬೇಕು. ಗುಲಾಮ ಅರಸನಾಗಿ ಸಿಕ್ಕಿದವನು ಎರಡು ಗಂಟೆ ದಾರಿಯ ರುಸ್ತಾಕಿನಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದ ಬಂಟ್ವಾಳ ಕಡೆಯ ಒಬ್ಬ ಬ್ಯಾರಿ ಹುಡುಗ. ಎತ್ತರದ ಆಳು, ಗಂಟೆಯಂಥ ಸ್ವರ. ಮದುವೆಯಾಗಿ ಎರಡೇ ತಿಂಗಳಿಗೆ ಇಲ್ಲಿಗೆ ಬಂದವನು ಮೂರು ವರ್ಷವಾದರೂ ಊರಿಗೆ ಹೋಗಿರಲಿಲ್ಲ. ಅಂಗಡಿ ಬಿಟ್ಟು ಹೋಗಲು ಆಗುತ್ತಿರಲಿಲ್ಲ. "ನನಗೆ ಯಾವ ಪಾತ್ರವಾದರೂ ಆದೀತು, ಶುಕ್ರವಾರ ನಾಲ್ಕು ಜನರ ಮುಖ ನೋಡಿದ ಹಾಗಾಯಿತು" ಅಂದ.

ಇನ್ನು ಉಳಿದದ್ದು ಅರಸನ ಹೆಂಡತಿ. ಹೆಂಗಸರು ಯಾರೂ ಒಪ್ಪಲಿಲ್ಲ. ನಮ್ಮವರು ನನ್ನ ಕಡೆ ತಿರುಗಿದರು. "ಇಂಗ್ಲೆಂಡಿನಲ್ಲಿ ಹೆಂಗಸರು ಮೊದಲ ಸಲ ರಂಗ ಹತ್ತಿದ್ದೇ ಈ ನಾಟಕದ ಕಾಲದಲ್ಲಿ. ನೀನು ಹಿಂದೆ ಉಳಿಯುವುದಾ?"

"ಕೊನೆಗೆ ನನಗೆ ಏನಾಗುತ್ತದೆ?"

"ಸಾಯುತ್ತೀ. ಗುಲಾಮಳಾಗಿ ಬದುಕುವುದಕ್ಕಿಂತ ಗಂಡನ ಕೈಯಲ್ಲಿ ಸಾಯುವುದು ಮೇಲೆಂದು ನೀನೇ ಕೇಳಿಕೊಳ್ಳುತ್ತೀ. ಆಮೇಲೆ ಅವನೂ ಸಾಯುತ್ತಾನೆ."

"ಮೊದಲು ಅವನು ಸಾಯಲಿ."

"ಅವನು ಮೊದಲು ಸತ್ತರೆ ನಿನ್ನನ್ನು ಕೊಲ್ಲುವವರು ಯಾರು?"

"ನಾನೂ ಅದನ್ನೇ ಹೇಳುವುದು."

ಪ್ರಿಯೆ ಅಕ್ಕ

ರಿಹರ್ಸಲ್ ನಮ್ಮ ಮನೆಯ ಹಾಲಿನಲ್ಲಿ. ರುಸ್ತಾಕಿನ ಹುಡುಗ ಪಿಕಪ್ ಓಡಿಸಿಕೊಂಡು ಬಂದು, ಅಲ್ ಹೈಲಿನ ಮಸೀದಿಯಲ್ಲಿ ಜುಮಾ ನಮಾಜು ಮುಗಿಸಿ, ನಮ್ಮಲ್ಲೇ ಊಟ ಮಾಡಿ, ಅರಸನಾಗುತ್ತಿದ್ದ. ವ್ಯಾಪಾರಿಯನ್ನು ಎದುರಿಸುವ ಮಾತು ಬಂದರೆ ಮನೆಯ ಗಾಜು ನಡುಗಬೇಕು. ತೊಂದರೆ ಇದ್ದದ್ದು ನನ್ನೊಡನೆ ಆಡುವ ಮಾತಿನಲ್ಲಿ. ನನ್ನನ್ನು ಮೊದಲ ದಿನದಿಂದಲೂ ಅವನು ಕರೆಯುತ್ತಿದ್ದದ್ದು ಅಕ್ಕ ಎಂದು.

ಅರಸ ತನ್ನ ಹೆಂಡತಿಯನ್ನು ದ್ವೀಪದಲ್ಲಿ ಮೊದಲ ಸಲ ಕಾಣುವ ಘಟ್ಟ. ನಾನು ನೀರಿನ ಕೊಡ ಹಿಡಿದು ಬರುತ್ತೇನೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಎದೆಗೆ ಕೈ ಇಟ್ಟು, ಎಲ್ಲರ ಮೈ ಜುಮ್ಮೆನ್ನುವ ಹಾಗೆ ಹೇಳಿದ: "ಕಡಲು ನಿನ್ನನ್ನು ನುಂಗಿತೆಂದು ನಾನು ಕಡಲನ್ನೇ ಶಪಿಸಿದ್ದೆ. ನೀನು ಬದುಕಿದ್ದೀಯಾ ಅಕ್ಕ?"

ಇವರು ಪುಸ್ತಕ ಕೆಳಗಿಟ್ಟರು. "ಅಕ್ಕ ಅಲ್ಲ ಮಾರಾಯ, ಪ್ರಿಯೆ."

"ಗೊತ್ತುಂಟು ಅಣ್ಣ. ಬಾಯಿಗೆ ಬರುವುದಿಲ್ಲ. ಈಗಷ್ಟೇ ಅವರ ಕೈಯಿಂದ ಸಾರು ಬಡಿಸಿಕೊಂಡು ತಿಂದಿದ್ದೇನೆ."

ಇನ್ನೊಮ್ಮೆ ಮಾಡಿಸಿದರು. ಈ ಸಲ ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ, ಧೈರ್ಯ ತಂದುಕೊಂಡು, "ನೀನು ಬದುಕಿದ್ದೀಯಾ ಪ್ರಿಯೆ" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿ ಹೇಳಿದ: "ತಪ್ಪು ತಿಳಿಯಬೇಡಿ ಅಕ್ಕ."

ಕ್ಯಾಸೆಟ್ಟಿನ ಎರಡು ಬದಿ

ಬಾಯಿ ಪಳಗಲೆಂದು ಇವರು ಒಂದು ಉಪಾಯ ಹೇಳಿಕೊಟ್ಟರು. ಎಲ್ಲ ಮಾತುಗಳನ್ನೂ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಕೋ, ಪಿಕಪ್ಪಿನಲ್ಲಿ ಬರುತ್ತಾ ಹೋಗುತ್ತಾ ಕೇಳು. ಹುಡುಗ ಶ್ರದ್ಧೆಯಿಂದ ಮಾಡಿದ. ಒಂದು ಬದಿಯಲ್ಲಿ ಪ್ರೀತಿಯ ಮಾತುಗಳು. ಇನ್ನೊಂದು ಬದಿಯಲ್ಲಿ ಗುಲಾಮನ ಕಷ್ಟ. ಎದುರು ಮಾತನಾಡಲು ಯಾರೂ ಇಲ್ಲದ್ದರಿಂದ ವ್ಯಾಪಾರಿಯ ಗದರಿಕೆಯನ್ನೂ ಅವನೇ ಸ್ವರ ಬದಲಿಸಿ ಹೇಳಿ, ಚಾಟಿಯ ಸದ್ದಿಗೆ ಬೆಲ್ಟಿನಿಂದ ಮೇಜಿಗೆ ಬಾರಿಸಿದ್ದ.

ಆ ಕಾಲದಲ್ಲಿ ಊರಿಗೆ ಫೋನು ಮಾಡುವುದು ಅಪರೂಪ. ಮನೆಗೆ ಹೇಳಬೇಕಾದ್ದನ್ನೆಲ್ಲ ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಯಲ್ಲಿ ಹೋಗುವವರ ಕೈಯಲ್ಲಿ ಕಳಿಸುವುದು. ಇವನೂ ಹೆಂಡತಿಗೆ ಒಂದು ಮಾಡಿಟ್ಟಿದ್ದ. ಊರಿಗೆ ಹೊರಟ ಗೆಳೆಯನ ಕೈಯಲ್ಲಿ ಅವಸರದಲ್ಲಿ ಇಟ್ಟದ್ದು ನಾಟಕದ ಕ್ಯಾಸೆಟ್ಟು. ತಾನು ಮುಂದಿನ ಶುಕ್ರವಾರ ಪಿಕಪ್ಪಿನಲ್ಲಿ ಹಾಕಿದಾಗ ಕೇಳಿಸಿದ್ದು, "ಉಮ್ಮನ ಮಂಡಿನೋವು ಹೇಗುಂಟು? ದನ ಕರು ಹಾಕಿತಾ?"

ಮುಂದಿನ ವಾರಗಳಲ್ಲಿ ಯಾರು ಊರಿಂದ ಬಂದರೂ ಅವರನ್ನು ಕಂಡು ಹೆದರುತ್ತಿದ್ದ. ಕೊನೆಗೆ ಉತ್ತರದ ಕ್ಯಾಸೆಟ್ಟು ಬಂತು. ಒಬ್ಬನೇ ಕೇಳಲು ಧೈರ್ಯವಿಲ್ಲದೆ ನಮ್ಮ ಮನೆಗೇ ತಂದ. ಹಾಕಿದೆವು. ಮಾತೆಲ್ಲ ಬ್ಯಾರಿ ಭಾಷೆ, ಅವನೇ ನಮಗೆ ಕನ್ನಡದಲ್ಲಿ ಹೇಳುತ್ತಾ ಹೋದ.

ಮೊದಲು ಅವನ ತಾಯಿ. ಕೇಳಿದ್ದು ಗುಲಾಮನ ಬದಿ. "ಮಗನೇ, ನಿನ್ನನ್ನು ಹೊಡೆಯುತ್ತಾರೆಂದು ಒಂದು ಮಾತು ಹೇಳಲಿಲ್ಲವಲ್ಲ. ಆ ಕೆಲಸ ಬೇಡ, ಬಂದುಬಿಡು. ಬೀಡಿ ಕಟ್ಟಿ ಬದುಕುವಾ." ಅಳು. ಆಮೇಲೆ ಹೆಂಡತಿ, ಮೆಲ್ಲಗೆ, ಬಾಗಿಲು ಮುಚ್ಚಿಕೊಂಡು ಮಾತಾಡಿದ ಹಾಗೆ.

"ಉಮ್ಮ ಬರಲಿಕ್ಕೆ ಹೇಳಿದ್ದಾರೆ, ಬನ್ನಿ. ಆದರೆ ಬರುವಾಗ ಮೊದಲನೇ ಬದಿಯದ್ದನ್ನು ಬಾಯಿಪಾಠ ಮಾಡಿಕೊಂಡು ಬನ್ನಿ."

ಮೀಸೆಯ ವಿಧವೆ

ಗಂಡ ಹುಡುಕುವ ವಿಧವೆಯ ಪಾತ್ರವನ್ನು ಒಬ್ಬ ಏಸಿ ಮೆಕ್ಯಾನಿಕ್ ಒಪ್ಪಿಕೊಂಡಿದ್ದ. ನಮ್ಮ ಉಡುಪಿ ಕಡೆಯವನೇ, ಮದುವೆಯಾಗದ ಹುಡುಗ. ಒಂದೇ ಷರತ್ತು: ಮೀಸೆ ತೆಗೆಯುವುದಿಲ್ಲ. ಊರಿನಲ್ಲಿ ಅವನಿಗೆ ಹೆಣ್ಣು ನೋಡುತ್ತಿದ್ದರು. ಹುಡುಗಿಯ ಮನೆಗೆ ಹೋದ ಫೋಟೋದಲ್ಲಿ ಮೀಸೆ ಇತ್ತು. ಇವರು ತಲೆ ಕೆರೆದುಕೊಂಡು, ವಿಧವೆ ಬಹಳ ಮರ್ಯಾದಸ್ಥಳು, ಸದಾ ಬಾಯಿಗೆ ಸೆರಗು ಹಿಡಿದೇ ಮಾತಾಡುತ್ತಾಳೆ ಎಂದು ನಾಟಕವನ್ನೇ ತಿದ್ದಿದರು.

ಒಂದು ಶುಕ್ರವಾರ ಅವನು ನನ್ನ ಹಳೇ ಸೀರೆ ಉಟ್ಟು, ಸೆರಗು ಬಾಯಿಗೆ ಹಿಡಿದು, "ಈ ದ್ವೀಪದಲ್ಲಿ ನನಗೊಬ್ಬ ಗಂಡ ಸಿಗಲಾರನೇ? ಮುದುಕನಾದರೂ ಅಡ್ಡಿಯಿಲ್ಲ" ಎಂದು ಹಾಲಿನ ತುಂಬ ಓಡಾಡುತ್ತಿದ್ದ. ಬಾಗಿಲಲ್ಲಿ ಅಪರಿಚಿತ ಹಿರಿಯರೊಬ್ಬರು ನಿಂತಿದ್ದರು. ಅವರು ಹುಡುಗಿಯ ಸೋದರಮಾವ. ಬೇರೆ ಕೆಲಸಕ್ಕೆ ಮಸ್ಕತ್ತಿಗೆ ಬಂದವರು, ಹುಡುಗನನ್ನು ತಿಳಿಸದೆ ನೋಡಿಹೋಗೋಣವೆಂದು ಅವನ ರೂಮಿನಲ್ಲಿ ಕೇಳಿ ಇಲ್ಲಿಗೆ ಬಂದಿದ್ದರು.

"ಇಲ್ಲಿ ಮದುವೆಗಿರುವ ಹುಡುಗ ಯಾರು?"

ಎಲ್ಲರೂ ವಿಧವೆಯ ಕಡೆ ನೋಡಿದರು. ವಿಧವೆ ಸೆರಗನ್ನು ಇನ್ನೂ ಮೇಲಕ್ಕೆ ಎಳೆದುಕೊಂಡಳು. ಇವರು ಮಾವನನ್ನು ಕೂರಿಸಿ, ನಾಟಕ, ಬಳಗ, ಕಲೆ ಎಂದೆಲ್ಲ ವಿವರಿಸಿದರು. ನಾನು ಚಹಾ ಮಾಡಲು ಒಳಗೆ ಹೋದೆ. ಗಾಬರಿಯಾದ ಮೆಕ್ಯಾನಿಕ್ ನನ್ನ ಹಿಂದೆಯೇ ಬಂದು, ಸೀರೆಯಲ್ಲೇ ಟ್ರೇ ಹಿಡಿದು ಹೊರಗೆ ಹೋಗಿ, ತಲೆ ತಗ್ಗಿಸಿ ಮಾವನಿಗೆ ಚಹಾ ಕೊಟ್ಟ. ಮಾವ ಕುಡಿದು, ಹೊರಡುವಾಗ ನಮ್ಮವರಿಗೆ ಹೇಳಿದರು: "ಹುಡುಗ ಆಗಬಹುದು. ನಮ್ಮ ಹುಡುಗಿಗೆ ಇಷ್ಟು ಚಂದ ಸೀರೆ ಉಡಲಿಕ್ಕೆ ಬರುವುದಿಲ್ಲ, ಇವ ಕಲಿಸಿಯಾನು."

ಶಾದಿ ಹೋ ಗಯಾ?

ಅದೇ ಮೆಕ್ಯಾನಿಕ್ ನಾಟಕಕ್ಕೆಂದು ಯಾವುದೋ ಗ್ಯಾರೇಜಿನಿಂದ ನಿಜವಾದ ಕಬ್ಬಿಣದ ಸರಪಳಿ ತಂದ. ಎರಡು ಕೈಗೂ ಕಟ್ಟಿ ಬೀಗ ಹಾಕುವುದು, ನಡುವೆ ಒಂದು ಮೊಳ ಸಡಿಲ. ರುಸ್ತಾಕಿನ ಹುಡುಗನಿಗೆ ಕಟ್ಟಿ ನೋಡಿದೆವು. ಬಹಳ ಚೆನ್ನಾಗಿ ಕಾಣುತ್ತಿತ್ತು. ರಿಹರ್ಸಲ್ ನಡುವೆ ಮೆಕ್ಯಾನಿಕ್‌ಗೆ ಯಾರದೋ ಏಸಿ ಕೆಟ್ಟ ಸುದ್ದಿ ಬಂದು ಎದ್ದು ಹೋದ. ಬೀಗದ ಕೈ ಅವನ ಜೇಬಿನಲ್ಲಿ ಹೋಯಿತು.

ಕಾದೆವು. ಅವನು ಬರಲಿಲ್ಲ. ಹುಡುಗನಿಗೆ ಸಂಜೆ ಅಂಗಡಿ ತೆರೆಯಬೇಕು. "ಸ್ಟೇರಿಂಗ್ ಹಿಡಿಯಲಿಕ್ಕೆ ಆಗುತ್ತದೆ ಅಣ್ಣ, ಗೇರಿಗೂ ಕೈ ಎಟಕುತ್ತದೆ" ಎಂದು ಸರಪಳಿ ಸಮೇತ ಹೊರಟೇಬಿಟ್ಟ. ದಾರಿಯಲ್ಲಿ ಪೊಲೀಸ್ ತಪಾಸಣೆ. ಎಳೇ ವಯಸ್ಸಿನ ಪೊಲೀಸಿನವನು ಲೈಸೆನ್ಸ್ ಕೇಳಿದ. ಇವನು ಕೊಟ್ಟಾಗ ಸರಪಳಿ ಖಣಖಣ ಅಂದಿತು. ಪೊಲೀಸಿನವನು ಲೈಸೆನ್ಸನ್ನೂ ನೋಡಿದ, ಸರಪಳಿಯನ್ನೂ ನೋಡಿದ. ಅವನಿಗೆ ಸ್ವಲ್ಪ ಹಿಂದಿ ಬರುತ್ತಿತ್ತು.

"ಯೇ ಕ್ಯಾ ಹೈ?"

ಹುಡುಗನಿಗೆ ಗಾಬರಿಯಲ್ಲಿ ಯಾವ ಭಾಷೆಯಲ್ಲೂ ಮಾತು ಹೊರಡಲಿಲ್ಲ. ಪೊಲೀಸಿನವನು ಮೆಲ್ಲಗೆ ಮದುವೆಯ ವಿಷಯ ಕೇಳಿದ: "ಶಾದಿ ಹೋ ಗಯಾ?"

"ಹೋ ಗಯಾ."

ಎಲ್ಲ ಅರ್ಥವಾದವನಂತೆ ಅವನು ತಲೆಯಾಡಿಸಿ, ಲೈಸೆನ್ಸ್ ವಾಪಸು ಕೊಟ್ಟು, ಹೋಗೆಂದು ಕೈ ಬೀಸಿದ.

ಬಟ್ಟೆ ಅಂಗಡಿಯ ಅರಬಿ

ರುಸ್ತಾಕಿನಲ್ಲಿ ಅಂಗಡಿಯ ಮುಂದೆ ಅವನ ಕಫೀಲ್ ಕೂತಿದ್ದರು. ಕಫೀಲ್ ಅಂದರೆ ವೀಸಾ ಕೊಟ್ಟ ಒಮಾನಿ ಯಜಮಾನ. ಬಿಳಿ ಗಡ್ಡದ ಹಿರಿಯರು, ಕೈಯಲ್ಲಿ ಬೆತ್ತ, ಸಂಜೆಯಾದರೆ ಅಲ್ಲಿ ಬಂದು ಕಹ್ವಾ ಎಂಬ ಅರಬಿ ಕಾಫಿ ಕುಡಿಯುತ್ತಾ ಕೂರುವುದು ಅಭ್ಯಾಸ. ಹುಡುಗನನ್ನು ಮನೆಯವನ ಹಾಗೆಯೇ ನೋಡಿಕೊಳ್ಳುತ್ತಿದ್ದರು. ತನ್ನ ಹುಡುಗ ಸರಪಳಿಯಲ್ಲಿ ಪಿಕಪ್ಪಿನಿಂದ ಇಳಿದದ್ದು ನೋಡಿ ಕಪ್ಪು ಕೆಳಗಿಟ್ಟರು.

"ಇದನ್ನು ಮಾಡಿದವರು ಯಾರು?"

ಹುಡುಗನಿಗೆ ಗೊತ್ತಿದ್ದ ಅರಬಿಯೆಲ್ಲ ಬಟ್ಟೆ ಅಂಗಡಿಯದ್ದು. ಮೀಟರು, ಬಣ್ಣ, ತಗೊಳ್ಳುವುದು, ಮಾರುವುದು. ನಾಟಕಕ್ಕೆ ಏನನ್ನುತ್ತಾರೋ ತಿಳಿಯದು. ಇದ್ದ ಮಾತಿನಲ್ಲೇ ಹೇಳಿದ: "ಮಸ್ಕತ್ತಿನಲ್ಲಿ ಒಬ್ಬರು ನನ್ನನ್ನು ಮಾರುತ್ತಾರೆ. ಇನ್ನೊಬ್ಬರು ತಗೊಳ್ಳುತ್ತಾರೆ. ಪ್ರತಿ ಶುಕ್ರವಾರ."

"ಪ್ರತಿ ಶುಕ್ರವಾರವೂ?"

"ಹೌದು. ಊಟ ಕೊಡುತ್ತಾರೆ."

ಪಕ್ಕದ ಬೆಳ್ಳಿ ಕೆಲಸದವರು ಬೀಗ ಕತ್ತರಿಸಿ ಸರಪಳಿ ತೆಗೆದರು. ಅವರಿಗೆ ಹಿಂದಿ ಬರುತ್ತಿದ್ದರಿಂದ ವಿಷಯ ಕೇಳಿ ತಿಳಿದು, ಹಿರಿಯರಿಗೆ ಇದು ನಾಟಕವೆಂದೂ, ಟೀವಿಯಲ್ಲಿ ಬರುತ್ತದಲ್ಲ ಹಾಗೆಂದೂ ಬಿಡಿಸಿ ಹೇಳಿದರು. ಹಿರಿಯರು ಎಲ್ಲ ಕೇಳಿ ಮತ್ತೆ ಕಪ್ಪು ಎತ್ತಿಕೊಂಡರು.

"ಸರಿ. ಮಾರುವ ದಿನ ನಾನೂ ಬರುತ್ತೇನೆ."

ಖಲಾಸ್

ನಾಟಕದ ದಿನ ಹಾಲ್ ತುಂಬಿತ್ತು. ಹಿರಿಯರು ಹೇಳಿದ ಹಾಗೇ ಬಂದರು. ಅಧ್ಯಕ್ಷರು ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲಿ ತಾವು ಕೂತು ಕಿವಿಯಲ್ಲಿ ಕಥೆ ಹೇಳುತ್ತಿದ್ದರು. ಮತ್ರಾದಲ್ಲೇ ಬೆಳೆದ ಅವರಿಗೆ ಅರಬಿ ನೀರು ಕುಡಿದ ಹಾಗೆ.

ಮೊದಲ ಅರ್ಧ ಚೆನ್ನಾಗಿ ಹೋಯಿತು. ವಿಧವೆ ಬಂದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು. ಅರಸನನ್ನು ಮಾರುವ ದೃಶ್ಯದಲ್ಲಿ ಹಿರಿಯರು ಬೆತ್ತವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು, ಅಷ್ಟೆ. ಹುಡುಗ ನನ್ನನ್ನು ಕಂಡು "ಪ್ರಿಯೆ" ಅಂದ, ಅಕ್ಕ ಸೇರಿಸಲಿಲ್ಲ. ನಮ್ಮವರು ರಂಗದ ಬದಿಯಲ್ಲಿ ನಿಂತು ದೀರ್ಘವಾಗಿ ಉಸಿರು ಬಿಟ್ಟರು.

ಆಮೇಲೆ ಅಳುವ ಭಾಗ. ಅರಸನ ಹೆಂಡತಿಯನ್ನು ಬೇರೆ ಹಡಗಿನವರಿಗೆ ಮಾರಲು ವ್ಯಾಪಾರಿ ನಿರ್ಧರಿಸುತ್ತಾನೆ. ನಮ್ಮ ಇನ್ಶೂರೆನ್ಸಿನವರಿಗೆ ಆ ದಿನ ಯಾವ ಆವೇಶ ಬಂದಿತ್ತೋ, ಚಾಟಿಯನ್ನು ನೆಲಕ್ಕೆ ಬಾರಿಸಿ, ಹುಡುಗನನ್ನು ಮಂಡಿಯೂರಿಸಿ, ನನ್ನ ಸೆರಗು ಹಿಡಿದು ಎಳೆದು ಗರ್ಜಿಸಿದರು: "ಗುಲಾಮನಿಗೆ ಎಂಥ ಹೆಂಡತಿ? ಗುಲಾಮನಿಗೆ ಎಂಥ ಮನೆ?" ಹುಡುಗ ಸರಪಳಿ ಎತ್ತಿ ನನ್ನ ಕಡೆ ಕೈ ಚಾಚಿದ. ಅವನ ಕಣ್ಣಲ್ಲಿ ನಿಜವಾದ ನೀರು. ರಿಹರ್ಸಲ್‌ನಲ್ಲಿ ಒಮ್ಮೆಯೂ ಹಾಗೆ ಅತ್ತಿರಲಿಲ್ಲ. ಮೂರು ವರ್ಷದ್ದೆಲ್ಲ ಒಟ್ಟಿಗೆ ಬಂತೋ ಏನೋ. ನನಗೆ ಮುಂದಿನ ಮಾತೇ ಮರೆತುಹೋಯಿತು.

ಆಗ ಮುಂದಿನ ಸಾಲಿನಲ್ಲಿ ಬೆತ್ತದ ಸದ್ದು. ಹಿರಿಯರು ಎದ್ದು, ಪಕ್ಕದ ಮೆಟ್ಟಿಲು ಹತ್ತಿ, ಯಾವ ಅವಸರವೂ ಇಲ್ಲದೆ ರಂಗದ ನಡುವೆ ಬಂದು ನಿಂತರು. ವ್ಯಾಪಾರಿಯ ಮುಂದೆ ಅಂಗೈ ಚಾಚಿದರು. ನಮ್ಮ ಇನ್ಶೂರೆನ್ಸಿನವರು ಚಾಟಿಯನ್ನು ಆ ಕೈಯಲ್ಲಿಟ್ಟರು. ಹಿರಿಯರು ಬೆತ್ತದ ತುದಿಯಿಂದ ನನಗೆ ಹುಡುಗನ ಪಕ್ಕಕ್ಕೆ ಹೋಗೆಂದು ತೋರಿಸಿದರು. ಹೋದೆ. ಹುಡುಗನ ಭುಜ ಹಿಡಿದು ಎಬ್ಬಿಸಿದರು. ಆಮೇಲೆ ಜನರ ಕಡೆ ತಿರುಗಿ ಒಂದೇ ಮಾತು ಹೇಳಿದರು.

"ಖಲಾಸ್."

ಅಂಥ ಚಪ್ಪಾಳೆಯನ್ನು ನಮ್ಮ ಬಳಗದ ಯಾವ ನಾಟಕವೂ ಕೇಳಿರಲಿಲ್ಲ. ಪರದೆ ಎಳೆಯಲು ನಿಂತಿದ್ದವನು ವಿಧವೆಯ ಸೀರೆಯಲ್ಲೇ ಇದ್ದ ಮೆಕ್ಯಾನಿಕ್. ಇಷ್ಟು ಚಪ್ಪಾಳೆ ಬಿದ್ದ ಮೇಲೆ ನಾಟಕ ಮುಗಿಯಲೇಬೇಕೆಂದು ಅವನು ಪರದೆ ಎಳೆದುಬಿಟ್ಟ. ನಮ್ಮವರು ಉಳಿದ ಹಾಳೆಗಳನ್ನು ಕೈಯಲ್ಲಿ ಹಿಡಿದು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತರು. ಆ ಹಾಳೆಗಳಲ್ಲಿ ಇಬ್ಬರೂ ಸಾಯುವುದಿತ್ತು.

ಊಟದ ಹೊತ್ತಿಗೆ ಇವರು ಬೇಸರ ತಡೆಯಲಾರದೆ ಅಧ್ಯಕ್ಷರ ಮೂಲಕ ಹಿರಿಯರನ್ನು ಕೇಳಿಯೇಬಿಟ್ಟರು: ಇದು ನಾಟಕ ಎಂದು ತಮಗೆ ಗೊತ್ತಿತ್ತಲ್ಲ?

"ಗೊತ್ತಿತ್ತು," ಅಂದರು ಹಿರಿಯರು. "ಆದರೆ ಇಷ್ಟು ಜನ ಕೂತು ನೋಡುತ್ತಿದ್ದೀರಿ. ಒಬ್ಬನಾದರೂ ಏಳಬೇಡವಾ?"

ಹಿರಿಯರು ಹುಡುಗನ ಕಡೆ ತಿರುಗಿ, ಹೆಂಡತಿಯನ್ನು ನೋಡದೆ ಎಷ್ಟು ಕಾಲವಾಯಿತೆಂದು ಕೇಳಿದರು. ಅವನು ಹೇಳಿದ. ಅಂಗಡಿಯನ್ನು ನನ್ನ ಮಗ ನೋಡಿಕೊಳ್ಳುತ್ತಾನೆ, ಈ ತಿಂಗಳೇ ಹೋಗಿ ಅವಳನ್ನು ಕರೆದುಕೊಂಡು ಬಾ, ಕಾಗದಪತ್ರ ನಾನು ಮಾಡಿಸುತ್ತೇನೆ ಅಂದರು. ಹುಡುಗ ತಟ್ಟೆ ಹಿಡಿದುಕೊಂಡೇ ಗೋಡೆಯ ಕಡೆ ಮುಖ ಮಾಡಿ ನಿಂತ. ನಾನೂ ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದೆ.

ಆದರೆ ಹಿರಿಯರಿಗೆ ಇನ್ನೂ ಒಂದು ಕೆಲಸ ಬಾಕಿಯಿತ್ತು. ಚಾಟಿ ಹಿಡಿದಿದ್ದ ಆ ಮನುಷ್ಯ ಎಲ್ಲಿ, ಅವನೊಡನೆ ಎರಡು ಮಾತು ಆಡಬೇಕು ಅಂದರು. ನಮ್ಮ ಇನ್ಶೂರೆನ್ಸಿನವರು ಬಿರಿಯಾನಿ ಪಾತ್ರೆಯ ಹಿಂದೆ ನಿಂತಿದ್ದರು. ಅವರನ್ನು ಹುಡುಕಿ ತಂದರು. ಪಕ್ಕದಲ್ಲಿ ಅವರ ಹೆಂಡತಿಯೂ ಬಂದರು.

"ಅಣ್ಣ," ಎಂದು ಅವರು ಅಧ್ಯಕ್ಷರನ್ನು ಅಂಗಲಾಚಿದರು, "ನಾನು ಮನೆಯಲ್ಲಿ ಕೂಡ ಜೋರಾಗಿ ಮಾತಾಡದ ಮನುಷ್ಯ ಅಂತ ಅರಬಿಯಲ್ಲಿ ಹೇಳಿ."

ಅಧ್ಯಕ್ಷರು ಹೇಳಿದರು. ಹಿರಿಯರು ಇದು ನಿಜವೇ ಎಂಬಂತೆ ಹೆಂಡತಿಯ ಕಡೆ ನೋಡಿದರು.

"ನಿಜ ಅಂತ ಹೇಳಿ," ಅಂದರು ಆಕೆ. "ನಾನು ಬಿಡುವುದಿಲ್ಲ."

ಅದನ್ನೂ ಹೇಳಿದರು. ಹಿರಿಯರು ಇನ್ಶೂರೆನ್ಸಿನವರನ್ನು ಮೇಲಿಂದ ಕೆಳಗಿನವರೆಗೆ, ಈ ಸಲ ಬಹಳ ಕನಿಕರದಿಂದ ನೋಡಿ, ಅಧ್ಯಕ್ಷರ ಕಿವಿಯಲ್ಲಿ ಏನೋ ಕೇಳಿದರು. ಅಧ್ಯಕ್ಷರಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ಎಷ್ಟು ಕೇಳಿದರೂ ಅಲ್ಲಿ ಅದನ್ನು ಕನ್ನಡದಲ್ಲಿ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ನಮ್ಮಿಬ್ಬರಿಗೆ ಮಾತ್ರ ಹೇಳಿದರು.

"ಇವನನ್ನೂ ಬಿಡಿಸಬೇಕಾ, ಅಂತ ಕೇಳಿದರು."